ಎಂಟರ ಮೇಲೆ ನಿಂತ ಮುಳ್ಳು

ಕರೆಂಟು ಉಳಿಸುವವರು ಮೊಟ್ಟಮೊದಲು ಕಿತ್ತುಕೊಂಡು ಹೋದದ್ದು ನನ್ನ ಫ್ಯಾನನ್ನು. ನೂರು ಕುದುರೆ ಬಲದ ಮೋಟಾರು ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ಒಂದೇ ಸಮನೆ ಬಾಯಿ ಬಡಿದುಕೊಳ್ಳುವ ಪಂಪ್‌ಹೌಸಿಗೆ ಮೂರು ಕಾರುಗಳಲ್ಲಿ ಏಳು ಜನ ಬಂದಿಳಿದರು. ಮೋಟಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ನನ್ನ ಮೇಜಿನ ಮೇಲ್ಗಡೆ ತನ್ನ ಪಾಡಿಗೆ ತಾನು ಕಿರುಗುಟ್ಟುತ್ತಿದ್ದ ಫ್ಯಾನಿನ ಕಡೆ ಬೆರಳು ಮಾಡಿ, "ಇದು ಯಾಕೆ?" ಎಂದು ಕೇಳಿದರು.

"ಸೆಖೆಗೆ" ಎಂದೆ.

ಕೇಳಿದವನು ಸಲಹೆಗಾರ. ನೀರು ಸರಬರಾಜಿನ ಕರೆಂಟು ಬಿಲ್ಲು ಇಳಿಸುವುದು ಹೇಗೆಂದು ಹೇಳಲು ನಮ್ಮ ಇಲಾಖೆ ಎಲ್ಲಿಂದಲೋ ಹುಡುಕಿ ತಂದ ಮಹಾನುಭಾವ. ಕೊರಳಿಗೆ ಟೈ, ಕೈಯಲ್ಲಿ ಮಡಚುವ ಕಂಪ್ಯೂಟರು, ಕಾಲಲ್ಲಿ ಎಣ್ಣೆ ಕಲೆ ತಾಗಬಾರದಂಥ ಬೂಟು. ನನ್ನ ಉತ್ತರ ಕೇಳಿ ಅವನು ದೊಡ್ಡ ಸಾಹೇಬರ ಮುಖ ನೋಡಿದ. ದೊಡ್ಡ ಸಾಹೇಬರು, ಅಂದರೆ ನಮ್ಮ ಮುಖ್ಯ ಎಂಜಿನಿಯರು, ತಲೆ ತಗ್ಗಿಸಿದರು. ಇಷ್ಟು ವರ್ಷ ಇಲಾಖೆಯನ್ನು ಮುಳುಗಿಸಿದ್ದು ಈ ಫ್ಯಾನೇ ಎಂಬುದು ಅವರಿಗೆ ಆಗ ತಾನೆ ಹೊಳೆದಂತಿತ್ತು.

ಮುಂದಿನ ವಾರ ಹಳೆ ಬಲ್ಬುಗಳು ಹೋಗಿ ಹೊಸವು ಬಂದವು. ಟೀ ಕಾಯಿಸುವ ಕೆಟಲು ಹೋಯಿತು, ಅದರ ಬದಲಿಗೆ ಏನೂ ಬರಲಿಲ್ಲ. ಎಲ್ಲ ಸ್ವಿಚ್ಚುಗಳ ಪಕ್ಕದಲ್ಲೂ ನಗುವ ಬಲ್ಬಿನ ಚಿತ್ರವಿರುವ ಚೀಟಿ ಅಂಟಿಸಿದರು: "ಹೊರಗೆ ಹೋಗುವ ಮುನ್ನ ಆರಿಸಿ." ಅಂಟಿಸಲು ಬಂದವನಿಗೆ ಎಲ್ಲವೂ ಒಂದೇ. ಪಂಪಿನ ದೊಡ್ಡ ಸ್ವಿಚ್ಚಿನ ಪಕ್ಕದಲ್ಲೂ ಒಂದು ಚೀಟಿ ಬಿತ್ತು. ಮಧ್ಯಾಹ್ನದ ಪಾಳಿಗೆ ಬರುವ ನನ್ನ ಜೊತೆಗಾರ, ನಾವೆಲ್ಲ ಗೊರಕೆ ಎಂದು ಕರೆಯುವವನು, ಅದನ್ನು ಎರಡು ಸಲ ಓದಿದ.

"ಟೀ ಕುಡಿಯೋಕೆ ಹೊರಗೆ ಹೋಗ್ತಾ ಇದೀನಿ. ಆರಿಸ್ಲಾ?" ಎಂದು ಕೇಳಿದ.

"ಗುಡ್ಡದವರು ಬಂದು ನಿನ್ನ ದೀಪ ಆರಿಸ್ತಾರೆ" ಎಂದೆ.

ನಮ್ಮ ಪಂಪು ನೀರು ಕಳಿಸುವುದು ಗುಡ್ಡದ ಬಡಾವಣೆಗೆ. ಮೂವತ್ತೊಂದು ವರ್ಷದಿಂದ ನಾನು ಇಲ್ಲಿದ್ದೇನೆ. ನಿವೃತ್ತಿಗೆ ಆಗ ಏಳು ತಿಂಗಳು ಬಾಕಿಯಿತ್ತು. ಪಂಪಿನಿಂದ ಹೊರಟ ಕೊಳವೆಯ ಮೇಲೆ ಮೊದಲು ಒಂದು ಒತ್ತಡದ ಮಾಪಕ ಸಿಗುತ್ತದೆ. ಎರಡು ಹೆಜ್ಜೆ ಆಚೆ ದೊಡ್ಡ ವಾಲ್ವು, ಎರಡೂ ಕೈ ಅಗಲಿಸಿ ಹಿಡಿಯಬೇಕಾದಂಥ ಕಬ್ಬಿಣದ ಚಕ್ರದ್ದು. ವಾಲ್ವನ್ನು ದಾಟಿದ ನೀರು ನೆಲದಡಿಗೆ ಇಳಿದು, ಗುಡ್ಡದ ತಲೆಯ ಮೇಲಿರುವ ಟ್ಯಾಂಕಿಗೆ ಏರುತ್ತದೆ. ಈ ಕತೆ ಕೇಳಲು ಇಷ್ಟು ತಿಳಿದಿದ್ದರೆ ಸಾಕು. ನಮ್ಮ ಇಲಾಖೆಯಲ್ಲಿ ಬಡ್ತಿ ಪಡೆಯಲು ಇಷ್ಟೂ ಬೇಕಾಗಿಲ್ಲ.

ಪಂಪು ಶುರು ಮಾಡುವಾಗ ವಾಲ್ವನ್ನು ಮುಚ್ಚಿಟ್ಟುಕೊಂಡು, ಮೋಟಾರು ವೇಗಕ್ಕೆ ಬಂದ ಮೇಲೆ ನಿಧಾನವಾಗಿ ತೆರೆಯುತ್ತಾ ಹೋಗುವುದು ಕ್ರಮ. ವಾಲ್ವು ತೆರೆದಂತೆಲ್ಲ ನೀರು ಮುಂದಕ್ಕೆ ಹರಿಯುತ್ತದೆ, ಮಾಪಕದ ಮುಳ್ಳು ಇಳಿಯುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಹೀಗೆ ಚಕ್ರ ತಿರುಗಿಸುತ್ತಿದ್ದಾಗ, ಆಗಿನ್ನೂ ಕಿರಿಯ ಎಂಜಿನಿಯರಾಗಿದ್ದ ಇದೇ ದೊಡ್ಡ ಸಾಹೇಬರು ಒಳಗೆ ಬಂದರು. ಕೆಲಸಕ್ಕೆ ಸೇರಿ ಅವರಿಗೆ ಮೂರನೇ ದಿನ. ವಾಲ್ವು ಆಗ ಕಾಲುಭಾಗ ತೆರೆದಿತ್ತು. ಮುಳ್ಳು ಎಂಟರಲ್ಲಿತ್ತು. ಅವರು ಮಾಪಕ ನೋಡಿ, ಎಂಟು ಎಂದು ಬರೆದುಕೊಂಡು, ಜೇಬಿನಿಂದ ಕೆಂಪು ಬಣ್ಣದ ಪೆನ್ನು ತೆಗೆದು ಗಾಜಿನ ಮೇಲೆ ಎಂಟರ ನೇರಕ್ಕೆ ಗೆರೆ ಎಳೆದರು.

"ಇದಕ್ಕಿಂತ ಕೆಳಗೆ ಇಳೀಬಾರದು. ಇಳಿದ್ರೆ ಗುಡ್ಡಕ್ಕೆ ನೀರು ಹತ್ತಲ್ಲ" ಎಂದರು.

ನಾನು ಇನ್ನೂ ತೆರೆಯುತ್ತಿದ್ದೇನೆ ಸಾರ್, ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಓದಿ ಬಂದವರು, ಎರಡು ದಿನದಲ್ಲಿ ಅವರಿಗೇ ತಿಳಿಯುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ತಿಳಿಯದೆ ಅವರು ಎಲ್ಲರ ಮುಂದೆ ಎಡವಿ ಬೀಳಲಿ, ನೋಡಿ ನಗೋಣ ಎಂಬ ಆಸೆಯೂ ಇತ್ತು. ಅವರು ಹೊರಟ ಮೇಲೆ ಎಂದಿನಂತೆ ವಾಲ್ವನ್ನು ಪೂರ್ತಿ ತೆರೆದೆ, ಮುಳ್ಳು ಆರರ ಹತ್ತಿರ ನಿಂತಿತು, ಪುಸ್ತಕದಲ್ಲಿ ಆರು ಎಂದು ಬರೆದೆ. ನಾಲ್ಕನೇ ದಿನ ಕಾರಣ ಕೇಳಿ ನೋಟೀಸು ಬಂತು. ಎರಡನೇ ವಾರ ಇನ್ನೊಂದು ಬಂತು, ಅದರಲ್ಲಿ ಸಂಬಳದ ಬಡ್ತಿ ತಡೆಹಿಡಿಯುವ ಮಾತಿತ್ತು. ಆವತ್ತು ಚಕ್ರಕ್ಕೆ ಕೈ ಹಾಕಿ, ಮುಳ್ಳು ಕೆಂಪು ಗೆರೆಗೆ ಬರುವವರೆಗೆ ಮುಚ್ಚಿದೆ. ಎಂಟು ಬೇಕಾ ನಿಮಗೆ, ತಗೊಳ್ಳಿ ಎಂಟು. ನೋಟೀಸು ನಿಂತಿತು.

ಅಂದಿನಿಂದ ಪಂಪ್‌ಹೌಸಿನಲ್ಲಿ ಅದೇ ಕಾನೂನು. ಪಂಪು ಸವೆದು ಮುಳ್ಳು ಒಂದು ಕೂದಲಷ್ಟು ಇಳಿದರೆ, ಪಾಳಿಯಲ್ಲಿದ್ದವನು ಚಕ್ರವನ್ನು ಇನ್ನೊಂದು ಚೂರು ಮುಚ್ಚುತ್ತಾನೆ. ಗೊರಕೆಗೆ ಇದನ್ನು ಕಲಿಸಿದವನು ನಾನೇ. ಇಪ್ಪತ್ತನಾಲ್ಕು ಸುತ್ತಿನ ವಾಲ್ವು. ಅದರಲ್ಲಿ ಹದಿನೆಂಟು ಸುತ್ತು ಮುಚ್ಚಿ ಆರು ಮಾತ್ರ ತೆರೆದಿತ್ತು. ಮುಳ್ಳು ಎಂಟು ಬಿಟ್ಟು ಕದಲಲಿಲ್ಲವೆಂದು ಹತ್ತು ವರ್ಷದ ಹಿಂದೆ ಇಲಾಖೆ ನನಗೆ 'ಉತ್ತಮ ನಿರ್ವಾಹಕ' ಎಂಬ ಹಿತ್ತಾಳೆಯ ಫಲಕ ಕೊಟ್ಟಿತು. ಕೈಗೆ ಕೊಟ್ಟವರು ದೊಡ್ಡ ಸಾಹೇಬರೇ. ಇಬ್ಬರೂ ಹಲ್ಲು ಬಿಟ್ಟುಕೊಂಡು ಫೋಟೊಗೆ ನಿಂತೆವು.

ನೀರು ಕಡಿಮೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿಲ್ಲವೆಂದರೆ ಸುಳ್ಳಾಗುತ್ತದೆ. ಎಷ್ಟು ಕಡಿಮೆ ಎಂದು ತಿಳಿಯುವ ಗೋಜಿಗೆ ಹೋಗಲಿಲ್ಲ, ಅಷ್ಟೇ. ಆಜ್ಞೆ ಅವರದು, ಕೈ ಮಾತ್ರ ನನ್ನದು ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಲ್ಲದೆ ನನ್ನ ಮನೆ ಪಂಪ್‌ಹೌಸಿನ ಆವರಣದಲ್ಲೇ ಇದೆ. ನನ್ನ ಅಡುಗೆಮನೆಯ ನಲ್ಲಿಗೆ ನೀರು ಬರುವುದು ವಾಲ್ವಿನ ಈಚೆ ಕಡೆಯಿಂದ. ತಿರುಗಿಸಿದರೆ ಬಕೆಟ್ಟು ಹಾರುವಂತೆ ಬಡಿಯುತ್ತದೆ. ನೀರಿಲ್ಲ ಎನ್ನುವವರ ಮಾತು ನನ್ನ ಕಿವಿಗೆ ಇಳಿಯುತ್ತಿರಲಿಲ್ಲ.

ಹಾಗೆ ಹೇಳುತ್ತಿದ್ದವರಲ್ಲಿ ಮೊದಲನೆಯವಳು ನನ್ನ ಅಕ್ಕ.

ಅಕ್ಕನ ಮನೆ ಗುಡ್ಡದ ಮೇಲುಬೀದಿಯಲ್ಲಿ. ಟ್ಯಾಂಕು ಅರ್ಧ ತುಂಬಿದರೆ ಕೆಳಬೀದಿಗೆ ನೀರು ಸಿಗುತ್ತದೆ, ಮೇಲುಬೀದಿಗೆ ಸಿಗಬೇಕಾದರೆ ಪೂರ್ತಿ ತುಂಬಬೇಕು. ಅದು ಪೂರ್ತಿ ತುಂಬಿದ್ದನ್ನು ಈಚಿನ ವರ್ಷಗಳಲ್ಲಿ ಯಾರೂ ಕಂಡಿಲ್ಲ. ಅಕ್ಕನ ನಲ್ಲಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನೂಲಿನಂಥ ಧಾರೆ ಬಂದರೆ ಬಂತು. ಉಳಿದದ್ದಕ್ಕೆ ಎಂಬತ್ತನಾಲ್ಕು ಮೆಟ್ಟಿಲು ಇಳಿದು, ಬುಡದಲ್ಲಿರುವ ಸಾರ್ವಜನಿಕ ನಲ್ಲಿಯಿಂದ ಹೊತ್ತು ತರಬೇಕು. ಅವಳ ಹೊಟ್ಟೆಪಾಡೇ ನೀರು. ಪೇಟೆಯ ಒಂದು ಸಣ್ಣ ಲಾಡ್ಜಿನ ಚಾದರ, ದಿಂಬಿನ ಚೀಲ, ಟವೆಲ್ಲುಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುತ್ತಾಳೆ. ಭಾವ ತೀರಿಕೊಂಡ ವರ್ಷದಿಂದ ಇದೇ ಕಸುಬು. ದಿನಕ್ಕೆ ಆರು ಸಲ ಇಳಿದು ಹತ್ತುತ್ತಾಳೆ, ಒಂದೊಂದು ಸಲಕ್ಕೆ ಎರಡು ಕೊಡ. ವಯಸ್ಸು ಅರವತ್ತಾರು. ಎಡಮಂಡಿ ಊದಿಕೊಂಡು ಮಡಚಲು ಬರುವುದಿಲ್ಲ, ಆ ಕಾಲನ್ನು ಮೆಟ್ಟಿಲ ಮೇಲೆ ಎತ್ತಿಟ್ಟುಕೊಂಡು ಹತ್ತುತ್ತಾಳೆ.

"ನಿನ್ನ ಪಂಪು ಕೂಗೋದು ಇಲ್ಲೀವರೆಗೆ ಕೇಳುತ್ತೆ ಕಣೋ. ನೀರು ಮಾತ್ರ ಬರಲ್ಲ" ಎನ್ನುತ್ತಿದ್ದಳು.

"ನಿಮ್ಮ ಬೀದಿಯವರು ಹಾಳು ಮಾಡ್ತೀರಿ. ನಮ್ಮಲ್ಲಿ ಮುಳ್ಳು ಎಂಟರಲ್ಲೇ ಇದೆ" ಎನ್ನುತ್ತಿದ್ದೆ ನಾನು.

ಎಂಟು ಎಂದರೆ ಏನೆಂದು ಅವಳಿಗೆ ತಿಳಿಯದು. ಆದರೂ ತಮ್ಮ ಹೇಳಿದ ಮೇಲೆ ಮುಗಿಯಿತು, ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನ್ನ ಹಿತ್ತಾಳೆ ಫಲಕವನ್ನು ನನ್ನ ಮನೆಯಲ್ಲಿಡಲು ಬಿಡದೆ ತನ್ನ ಮನೆಯ ಬಾಗಿಲ ಎದುರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿಕೊಂಡಿದ್ದಳು. ಇಸ್ತ್ರಿ ಬಟ್ಟೆ ಒಯ್ಯಲು ಬರುವ ಲಾಡ್ಜಿನವನಿಗೂ ಅದನ್ನು ತೋರಿಸಿ, "ಗುಡ್ಡಕ್ಕೆ ನೀರು ಕೊಡೋನು ನಮ್ಮ ತಮ್ಮ" ಎಂದು ಹೇಳಿಕೊಳ್ಳುವಳು.

ಫ್ಯಾನು ಕಿತ್ತು ಮೂರು ತಿಂಗಳಾದರೂ ಬಿಲ್ಲು ಇಳಿಯಲಿಲ್ಲ. ಇಳಿಯಲು ಅದೇನು ನನ್ನ ಫ್ಯಾನಿನ ಮೇಲೆ ನಿಂತಿತ್ತೆ? ಸಭೆ ಸೇರಿದರು. ವಿಷಯ ಹೇಳುವುದಕ್ಕೆಂದು ನನ್ನನ್ನೂ ಕರೆಸಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿದರು. ಹಾಡುಹಗಲಲ್ಲಿ ಪರದೆ ಎಳೆದು, ಇಪ್ಪತ್ತು ದೀಪ ಹಚ್ಚಿ, ನಾಲ್ಕು ಏಸಿ ಹಾಕಿಕೊಂಡು ಕರೆಂಟು ಉಳಿಸುವ ಮಾತಾಡುತ್ತಿದ್ದರು. ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಸಲಹೆಗಾರ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ವಿವರಿಸಿದ: ಊರಿನ ಎಲ್ಲ ಪಂಪುಗಳಿಗಿಂತ ಗುಡ್ಡದ ಪಂಪಿಗೆ ಒಂದೊಂದು ಕೊಡ ನೀರಿಗೆ ತಗಲುವ ಕರೆಂಟು ಎರಡರಷ್ಟು. ಕಾರಣ ಸ್ಪಷ್ಟ. ನೀರು ಕೆಳಕ್ಕೆ ಹರಿಯುವ ವಸ್ತು, ಇಲ್ಲಿ ಅದನ್ನು ಮೇಲಕ್ಕೆ ಕಳಿಸಲಾಗುತ್ತಿದೆ.

ಇದಕ್ಕೆ ಅವನಿಗೆ ಎಷ್ಟು ಕೊಟ್ಟರೋ ನಾನು ಕೇಳಲಿಲ್ಲ. ಕೇಳಿದರೆ ಎದೆ ಒಡೆಯುತ್ತಿತ್ತು.

ತೀರ್ಮಾನವೂ ಸ್ಪಷ್ಟ. ಎರಡು ತಿಂಗಳ ನಂತರ ಗುಡ್ಡದ ಪಂಪು ಬಂದ್. ಮೆಟ್ಟಿಲ ಬುಡಕ್ಕೆ ವಾರಕ್ಕೆ ಎರಡು ಸಲ ಟ್ಯಾಂಕರು ಬರುತ್ತದೆ, ಬೇಕಾದವರು ಇಳಿದು ಬಂದು ಹಿಡಿದುಕೊಳ್ಳಬೇಕು. ಬುಡದ ನಲ್ಲಿಯೂ ಅದೇ ಟ್ಯಾಂಕಿನದಾದ್ದರಿಂದ ಅದೂ ಒಣಗುತ್ತದೆ. ದೊಡ್ಡ ಸಾಹೇಬರು ಮೇಜು ತಟ್ಟಿದರು. ಉಳಿದವರೂ ತಟ್ಟಿದರು.

ಆವತ್ತು ಸಂಜೆ ಅಕ್ಕನಿಗೆ ಹೇಳಲು ಹೋದೆ. ಅವಳು ಚಾದರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕೇಳಿದಳು, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ವಾರಕ್ಕೆ ಎರಡು ಸಲ ಅಂದ್ರೆ? ಟ್ಯಾಂಕರ್ ಬಂದ ದಿನ ಮಾತ್ರ ಜನ ಲಾಡ್ಜಲ್ಲಿ ಮಲಗ್ತಾರಾ?"

"ಏನಾದ್ರೂ ಮಾಡೋಣ ಅಕ್ಕಾ. ನನ್ನ ಮನೆಗೆ ಬಂದುಬಿಡು."

"ಬಂದು? ನಿನ್ನ ಕೆಲಸ ಮುಗಿಯೋಕೆ ನಾಲ್ಕು ತಿಂಗಳಿಲ್ಲ. ಆ ಮನೆ ನಿಂದಾ? ಆಮೇಲೆ ಇಬ್ಬರೂ ಎಲ್ಲಿಗೆ ಹೋಗೋದು?" ಎಂದಳು. ಚಾದರದ ಮೂಲೆ ಸರಿಮಾಡುತ್ತ, "ಈ ಕೆಲಸ ಹೋದ್ರೆ ನಾನು ಯಾರ ಮುಂದೂ ಕೈ ಚಾಚಲ್ಲ ಕಣೋ. ನಿನ್ನ ಮುಂದೂ ಇಲ್ಲ. ಅದಕ್ಕೆ ಹೆದರಿಕೆ" ಎಂದಳು. ಅವಳ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದು.

ಮುಂದಿನ ವಾರ ಮಾಪಕ ಪರೀಕ್ಷೆ ಮಾಡುವವಳು ಬಂದಳು. ಸಲಹೆಗಾರನ ವರದಿಗೆ ಎಲ್ಲ ಮಾಪಕಗಳೂ ಸರಿಯಿವೆ ಎಂಬ ಪ್ರಮಾಣಪತ್ರ ಬೇಕಿತ್ತು. ಮೂವತ್ತರ ಹೆಂಗಸು, ಪೆಟ್ಟಿಗೆಯನ್ನು ತಾನೇ ಹೊತ್ತು ತಂದಳು, ಬಂದವಳೇ ನೆಲದ ಮೇಲೆ ಕೂತಳು. ಫೋಟೊ ತೆಗೆಸಿಕೊಳ್ಳಲಿಲ್ಲ. ನಮ್ಮ ಮಾಪಕ ಬಿಚ್ಚಿ ಪರೀಕ್ಷೆ ಮಾಡಿ, ಸರಿಯಿದೆ ಎಂದು ಬರೆದು ಮತ್ತೆ ಹಾಕಿದಳು. ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಆದರೆ ಎದ್ದವಳು ವಾಲ್ವಿನ ಆಚೆ ಬದಿಯಲ್ಲಿ ಬಣ್ಣ ಮೆತ್ತಿ ಮುಚ್ಚಿಹೋಗಿದ್ದ ಒಂದು ತೂತಿನ ಮುಚ್ಚಳ ಕಂಡಳು. ಕೆರೆದು, ತಿರುಪಿ ತೆಗೆದು, ತನ್ನದೇ ಮಾಪಕ ಸಿಕ್ಕಿಸಿದಳು.

"ಅಣ್ಣಾ, ಇಲ್ಲಿ ಎಂಟು. ಎರಡು ಹೆಜ್ಜೆ ಆಚೆ ನಾಲ್ಕು. ಮಧ್ಯದಲ್ಲಿ ಏನಿದೆ?"

"ವಾಲ್ವು" ಎಂದೆ.

"ಎಷ್ಟು ತೆರೆದಿದೆ?"

ಹೇಳಿದೆ. ಅವಳು ಚಕ್ರದ ಮೇಲೆ ಕೈಯಿಟ್ಟಳು. ಆ ಕಬ್ಬಿಣ ಸದಾ ನಡುಗುತ್ತಿರುತ್ತದೆ, ಒಳಗೆ ಜಲ್ಲಿ ಉರುಳಿದ ಸದ್ದು ಬರುತ್ತಿರುತ್ತದೆ. ಅದು ಅದರ ಸ್ವಭಾವ ಎಂದು ನಾನು ಗೊರಕೆಗೆ ಹೇಳಿಕೊಟ್ಟಿದ್ದೆ.

"ನೀವು ಕೊಡೋ ಶಕ್ತಿಯಲ್ಲಿ ಅರ್ಧ ಇದನ್ನ ನಡುಗಿಸೋಕೇ ಹೋಗ್ತಾ ಇದೆ. ಪೂರ್ತಿ ತೆರೆದ್ರೆ ಮೋಟಾರು ಸ್ವಲ್ಪ ಜಾಸ್ತಿ ಎಳೆಯುತ್ತೆ, ಆದ್ರೆ ನೀರು ಎರಡರಷ್ಟು ಹೋಗುತ್ತೆ. ಹದಿನಾರು ಗಂಟೆ ಓಡಿಸೋ ಬದಲು ಒಂಬತ್ತು ಗಂಟೆ ಸಾಕು. ಮುಚ್ಚಿದ್ದು ಯಾರು?"

"ಮೊದಲಿಂದ ಹಾಗೇ ಇದೆ" ಎಂದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಪೆಟ್ಟಿಗೆ ಮುಚ್ಚಿದಳು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಆ ಹಾಳೆ ಸಲಹೆಗಾರನ ವರದಿಯ ನೂರ ಎಂಬತ್ತೇಳನೇ ಪುಟವಾಗಿ ಅಚ್ಚಾಯಿತು. ಅದನ್ನು ಓದಿದ್ದು ಅಚ್ಚು ಹಾಕುವ ಯಂತ್ರ ಒಂದೇ.

ಬೇರೆ ದಾರಿಯಿಲ್ಲದೆ ನಾನೇ ದೊಡ್ಡ ಸಾಹೇಬರ ಕೋಣೆಗೆ ಹೋದೆ. ಕೂರಲು ಹೇಳಲಿಲ್ಲ. ನಿಂತೇ ಹೇಳಿದೆ: ವಾಲ್ವು ಮುಚ್ಚಿರುವುದು, ಅದರಿಂದ ಕರೆಂಟು ಪೋಲಾಗುತ್ತಿರುವುದು, ತೆರೆದರೆ ಗುಡ್ಡದ ನೀರು ನಿಲ್ಲಿಸಬೇಕಾಗಿಲ್ಲ ಎಂಬುದು. ಅವರು ಮೂಗಿನ ಮೇಲಿನ ಕನ್ನಡಕವನ್ನು ಹಣೆಗೆ ಏರಿಸಿದರು.

"ತೆರೆದ್ರೆ ಮುಳ್ಳು ಎಷ್ಟಕ್ಕೆ ಇಳಿಯುತ್ತೆ?"

"ಐದೂವರೆಗೆ ಬರಬಹುದು ಸಾರ್."

"ಎಂಟಿಗಿಂತ ಕೆಳಗೆ ಹೋಗಬಾರದು ಅಂತ ಆದೇಶ ಇದೆಯಲ್ಲ, ಗೊತ್ತಿಲ್ವಾ?"

"ಆ ಆದೇಶ ನಿಮ್ಮದೇ ಸಾರ್. ಆವತ್ತು ನೀವು ನೋಡಿದಾಗ ನಾನಿನ್ನೂ ವಾಲ್ವು ತೆರೀತಾ ಇದ್ದೆ."

ಗೋಡೆಯ ಮೇಲೆ ಅವರೇ ಬರೆದ 'ಎಂಟರ ನಿಯಮ'ಕ್ಕೆ ಬಂದ ಪ್ರಶಸ್ತಿ ಚೌಕಟ್ಟಿನಲ್ಲಿ ನೇತಾಡುತ್ತಿತ್ತು. ಅದರ ಬಲದ ಮೇಲೆ ಊರಿನ ಹನ್ನೆರಡು ಪಂಪ್‌ಹೌಸುಗಳ ಗಾಜಿನ ಮೇಲೂ ಕೆಂಪು ಗೆರೆ ಬಿದ್ದಿತ್ತು. ಅವರ ಕುರ್ಚಿಯ ನಾಲ್ಕು ಕಾಲೂ ಆ ಗೆರೆಯ ಮೇಲೇ ನಿಂತಿದ್ದವು.

"ಹಾಗಾದ್ರೆ ನಿನಗೆ ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತು" ಎಂದರು. "ಗೊತ್ತಿದ್ದೂ ಮುಚ್ಚಿದ್ದೀಯ. ಬರೆದುಕೊಡು, ತನಿಖೆ ಮಾಡಿಸ್ತೀನಿ. ನಿನ್ನ ಪಿಂಚಣಿ ಏನಾಗುತ್ತೆ ಅಂತ ಆಮೇಲೆ ನೋಡೋಣ. ಇಲ್ಲಾಂದ್ರೆ ಮುಳ್ಳು ಎಂಟರಲ್ಲೇ ಇರಲಿ. ಏನಂತೀಯ?"

"ಎಂಟರಲ್ಲೇ ಇರುತ್ತೆ ಸಾರ್" ಎಂದು ಹೊರಬಂದೆ.

ಮೆಟ್ಟಿಲಿಳಿಯುವಾಗ ನಾನು ಆಡಿದ ಮಾತೇ ಕಿವಿಯಲ್ಲಿ ಸುತ್ತತೊಡಗಿತು. ಮುಳ್ಳು ತಾನೆ ಎಂಟರಲ್ಲಿರಬೇಕು? ಇರಲಿ.

ಮಾಪಕದ ಬುಡದಲ್ಲಿ ಒಂದು ಪುಟ್ಟ ಕಾಕ್ ಇದೆ, ಕೊಳವೆಯಿಂದ ಮಾಪಕಕ್ಕೆ ಹೋಗುವ ನೀರನ್ನು ತಡೆಯುವ ತಿರುಪು. ಬಿಚ್ಚಿ ತೊಳೆಯುವಾಗ ನೀರು ಚಿಮ್ಮದಿರಲಿ ಎಂದು ಇಟ್ಟದ್ದು. ಮರುದಿನ ಬೆಳಿಗ್ಗೆ ಪಂಪು ಹಾಕಿ, ಮುಳ್ಳು ಎಂಟಕ್ಕೆ ಬಂದು ನಿಂತಾಗ ಆ ಕಾಕನ್ನು ಬಿಗಿಯಾಗಿ ಮುಚ್ಚಿದೆ. ಒಳಗಿನ ಒತ್ತಡ ಒಳಗೇ ಸಿಕ್ಕಿಕೊಂಡಿತು. ಇನ್ನು ಹೊರಗೆ ಏನೇ ಆಗಲಿ, ಮುಳ್ಳು ಎಂಟು ಬಿಟ್ಟು ಅಲ್ಲಾಡದು. ಆಮೇಲೆ ಚಕ್ರಕ್ಕೆ ಎಣ್ಣೆ ಬಿಟ್ಟು ತೆರೆಯತೊಡಗಿದೆ. ಹದಿನೆಂಟು ಸುತ್ತು. ನಾಲ್ಕು ನಿಮಿಷ ಹಿಡಿಯಿತು. ಮೊದಲ ಆರೇಳು ಸುತ್ತಿಗೆ ಜಲ್ಲಿಯ ಸದ್ದು ನಿಂತಿತು, ಚಕ್ರದ ನಡುಕ ಅಡಗಿತು. ಕರೆಂಟು ಎಳೆತದ ಮೀಟರು ಸ್ವಲ್ಪ ಏರಿ, ಅಪಾಯದ ಕೆಂಪು ಗುರುತಿನ ಎಷ್ಟೋ ಕೆಳಗೆ ನಿಂತಿತು. ಬೇರಿಂಗು ಮುಟ್ಟಿ ನೋಡಿದೆ, ಬಿಸಿಯಿಲ್ಲ. ಮೋಟಾರಿನ ಕೂಗು ಎಷ್ಟು ತಗ್ಗಿತೆಂದರೆ, ಪಾಳಿಗೆ ಬಂದ ಗೊರಕೆ ಪಂಪು ನಿಂತಿದೆಯೆಂದು ಹೆದರಿಕೊಂಡು ಓಡಿ ಬಂದ.

ಮಧ್ಯಾಹ್ನ ಎರಡು ಗಂಟೆಗೆ ಗುಡ್ಡದ ಟ್ಯಾಂಕಿನ ಕಾವಲುಗಾರ ಫೋನ್ ಮಾಡಿದ.

"ಏನ್ರೀ ಇದು, ಟ್ಯಾಂಕು ತುಂಬಿ ಹೊರಗೆ ಬರ್ತಾ ಇದೆ. ಏನು ಮಾಡ್ಲಿ?"

ಹನ್ನೆರಡು ವರ್ಷದ ಅವನ ನೌಕರಿಯಲ್ಲಿ ಆ ಪ್ರಶ್ನೆ ಎದ್ದಿರಲೇ ಇಲ್ಲ. ಪಂಪು ಆರಿಸಿದೆ. ಸ್ವಿಚ್ಚಿನ ಪಕ್ಕದ ನಗುವ ಬಲ್ಬಿನ ಚೀಟಿಗೆ ಅಂದು ಅರ್ಥ ಬಂತು.

ಮುಂದಿನದು ನೀವು ಊಹಿಸಬಲ್ಲಿರಿ. ತಿಂಗಳ ಬಿಲ್ಲು ಅರ್ಧಕ್ಕೆ ಹತ್ತಿರ ಇಳಿಯಿತು. ಯಾಕೆ ಇಳಿಯಿತೆಂದು ತಿಳಿಯಲು ಏಳು ಜನ ಮೂರು ಕಾರುಗಳಲ್ಲಿ ಮತ್ತೆ ಬಂದರು. ಮಾಪಕ ನೋಡಿದರು, ಮುಳ್ಳು ಎಂಟರಲ್ಲಿದೆ. ಪುಸ್ತಕ ನೋಡಿದರು, ಎಂಟು ಎಂದು ಬರೆದಿದೆ. ಟ್ಯಾಂಕು ತುಂಬಿ ಪಂಪು ನಿಂತಿದೆ. ನಿಂತ ಪಂಪಿನ ಮುಳ್ಳು ಸೊನ್ನೆಯಲ್ಲಿರಬೇಕಲ್ಲವೇ ಎಂದು ಏಳು ಜನರಲ್ಲಿ ಒಬ್ಬನಿಗೂ ಅನಿಸಲಿಲ್ಲ. ದೊಡ್ಡ ಸಾಹೇಬರು ನಿಂತ ಪಂಪಿನ ಮುಂದೆ ಗಾಜನ್ನು ತಟ್ಟಿ, "ನೋಡಿ, ಎಂಟು" ಎಂದು ಎಲ್ಲರಿಗೂ ತೋರಿಸಿದರು. ನಾನು ನಗು ತಡೆಯಲಾಗದೆ ಕೆಮ್ಮಿದೆ. ಬಲ್ಬು, ಫ್ಯಾನು, ಕೆಟಲು, ಚೀಟಿ, ಎಲ್ಲವೂ ಸೇರಿ ಈ ಸಾಧನೆಯಾಗಿದೆ ಎಂದು ಸಲಹೆಗಾರ ಇನ್ನೊಂದು ವರದಿ ಬರೆದ. ಗುಡ್ಡಕ್ಕೆ ನೀರು ನಿಲ್ಲಿಸುವ ತೀರ್ಮಾನ ಕೈಬಿಟ್ಟರು. ಮೆಟ್ಟಿಲ ಬುಡದಲ್ಲಿ ಒಂದು ಫಲಕ ನೆಟ್ಟು, ಅದರಲ್ಲಿ ದೊಡ್ಡ ಸಾಹೇಬರ ಪಟ ಹಾಕಿದರು.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಬಾಗಿಲಿಗೆ ಬರುವಾಗಲೇ ಒಳಗೆ ನೀರು ಬೀಳುವ ಸದ್ದು ಕೇಳಿಸಿತು. ಹಿತ್ತಲಿನ ಕಲ್ಲಿನ ಮೇಲೆ ಚಾದರಗಳ ರಾಶಿ, ನಲ್ಲಿಗೆ ಸಿಕ್ಕಿಸಿದ ಪೈಪಿನಿಂದ ದಪ್ಪ ಧಾರೆ. ಅಕ್ಕ ಸ್ಟೂಲಿನ ಮೇಲೆ ಕೂತು ಒಗೆಯುತ್ತಿದ್ದಳು. ಕೊಡಗಳೆರಡೂ ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದವು. ಅವಳ ಮುಖದ ಮೇಲಿನ ಖುಷಿ ನೋಡಿ ನನಗೆ ಎದೆ ತುಂಬಿ ಬಂತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಏನೇ ಹೇಳು, ಆ ಬಲ್ಬಿನೋರು ಗಟ್ಟಿಗರು ಕಣೋ" ಎಂದಳು ಅಕ್ಕ. "ನೀನು ಇಷ್ಟು ವರ್ಷದಲ್ಲಿ ಮಾಡದೆ ಇದ್ದದ್ದನ್ನ ಆರು ತಿಂಗಳಲ್ಲಿ ಮಾಡಿ ತೋರಿಸಿದ್ರು. ಬುಡದಲ್ಲಿ ಪಟ ಹಾಕಿದಾರಲ್ಲ, ನಿನ್ನೆ ಅದಕ್ಕೊಂದು ನಮಸ್ಕಾರ ಹಾಕಿ ಬಂದೆ."

ಮೈಯೆಲ್ಲ ಉರಿದುಹೋಯಿತು. ಆ ಮುಖಕ್ಕೆ ನನ್ನ ಅಕ್ಕ ಕೈ ಮುಗಿಯುವುದೆಂದರೆ?

"ಬಲ್ಬೂ ಇಲ್ಲ, ಗಿಲ್ಬೂ ಇಲ್ಲ. ಆ ದಡ್ಡರಿಗೆ ಏನು ಗೊತ್ತು? ನೀರು ಬಿಟ್ಟೋನು ನಾನು" ಎಂದೆ. "ಪಂಪಿನ ಮುಂದೆ ಒಂದು ವಾಲ್ವಿದೆ. ಮುಕ್ಕಾಲು ಭಾಗ ಮುಚ್ಚಿಕೊಂಡಿತ್ತು. ಯಾರಿಗೂ ಹೇಳದೆ ಪೂರ್ತಿ ತೆರೆದುಬಿಟ್ಟೆ. ಅಷ್ಟೇ. ಅವರ ಕಣ್ಣಿಗೆ ಮಣ್ಣೆರಚಿ ತೆರೆದೆ."

"ಹೌದಾ?" ಎಂದಳು. ಕಣ್ಣರಳಿಸಿ ನನ್ನನ್ನೇ ನೋಡಿದಳು. ತಮ್ಮನ ಬಗ್ಗೆ ಅವಳಿಗಿದ್ದ ಹೆಮ್ಮೆ ಒಂದು ಕ್ಷಣ ಇಮ್ಮಡಿಯಾಗಿತ್ತು. ಆಮೇಲೆ ಕೇಳಿದಳು: "ಮುಚ್ಚಿದ್ದು ಯಾರು?"

ಮಾಪಕದವಳು ಕೇಳಿದ್ದೂ ಇದನ್ನೇ. ಮೊದಲಿಂದ ಹಾಗೇ ಇದೆ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕನ ಮುಖ ನೋಡಿಕೊಂಡು ಅದು ಹೊರಡಲಿಲ್ಲ.

"ಸಾಹೇಬರು ಎಂಟು ಬೇಕು ಅಂದ್ರು... ನೋಟೀಸು ಕೊಟ್ರು..."

"ಮುಚ್ಚಿದ ಕೈ ಯಾರದು ಅಂತ ಕೇಳಿದೆ."

"ನಂದು."

"ಯಾವಾಗ?"

"ಹತ್ತೊಂಬತ್ತು ವರ್ಷ ಆಯ್ತು."

ಅಕ್ಕ ಪೈಪನ್ನು ಕೈಯಿಂದ ಕೆಳಗಿಟ್ಟಳು. ನೀರು ಕಲ್ಲಿನ ಮೇಲೆ ಹರಿಯುತ್ತಿತ್ತು.

"ತೆರೆಯೋಕೆ ಎಷ್ಟು ಹೊತ್ತು ಹಿಡೀತು?"

"ನಾಲ್ಕು ನಿಮಿಷ."

"ನಾಲ್ಕು ನಿಮಿಷ" ಎಂದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೂ ಹೇಳಲು ಏನಾದರೂ ಸಿಗುತ್ತಿತ್ತು. ಅವಳು ಸ್ಟೂಲಿನಿಂದ ಎದ್ದಳು, ಎಡಗಾಲನ್ನು ಎಳೆದುಕೊಂಡು ಹೋಗಿ ನಲ್ಲಿ ನಿಲ್ಲಿಸಿದಳು. ಮೂಲೆಯಲ್ಲಿದ್ದ ಎರಡು ಕೊಡಗಳನ್ನು ತಂದು ನನ್ನ ಕಾಲ ಹತ್ತಿರ ಇಟ್ಟಳು.

"ಬುಡದ ನಲ್ಲಿಯಿಂದ ತುಂಬಿಸ್ಕೊಂಡು ಬಾ."

"ಅಕ್ಕಾ, ಇಲ್ಲೇ ನೀರಿದೆಯಲ್ಲ."

"ಗೊತ್ತು. ಹೋಗಿ ಬಾ."

ಹೋದೆ. ಇಳಿಯುವುದು ಕಷ್ಟವಲ್ಲ. ನಲ್ಲಿಯ ಪಕ್ಕದಲ್ಲಿ ದೊಡ್ಡ ಸಾಹೇಬರ ಪಟ ನಗುತ್ತಿತ್ತು, ಅದಕ್ಕೆ ಬೆನ್ನು ಹಾಕಿ ಕೊಡ ತುಂಬಿಸಿದೆ. ಹತ್ತುವಾಗ ಮೂವತ್ತನೇ ಮೆಟ್ಟಿಲಿಗೆ ಉಸಿರು ಸಿಕ್ಕಿಕೊಂಡಿತು. ನಲವತ್ತೊಂದನೆಯದರ ಹತ್ತಿರ ಗೋಡೆಯ ಕಲ್ಲೊಂದು ಮುಂದಕ್ಕೆ ಚಾಚಿದೆ. ಕೊಡ ಇಳಿಸಲು ಅಲ್ಲಿ ಒಂದು ಅಂಗೈಯಗಲ ಜಾಗವಿದೆ, ತಿಕ್ಕಿ ತಿಕ್ಕಿ ನುಣುಪಾಗಿದೆ. ಎಷ್ಟೋ ಸಲ ಕೈ ಬೀಸಿಕೊಂಡು ಅದರ ಪಕ್ಕದಲ್ಲೇ ಹತ್ತಿ ಹೋಗಿದ್ದೆ, ಅದೇಕೆ ನುಣುಪಾಗಿದೆ ಎಂದು ನೋಡಿರಲಿಲ್ಲ. ಅಲ್ಲಿ ಕೊಡ ಇಟ್ಟು ನಿಂತೆ. ಜಗತ್ತಿನ ದಡ್ಡರನ್ನೆಲ್ಲ ಎಣಿಸಿ ನಕ್ಕವನ ಕಾಲು ನಡುಗುತ್ತಿತ್ತು.

ಮೇಲೆ ಬಂದಾಗ ಬಾಗಿಲ ಎದುರಿನ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಫಲಕ ಎಲ್ಲಿ ಎಂದು ಕೇಳುವ ಮುಖ ನನಗಿರ‌ಲಿಲ್ಲ. ಅಕ್ಕ ಕೊಡಗಳನ್ನು ತೆಗೆದುಕೊಂಡು, ಒಂದೊಂದಾಗಿ ಡ್ರಮ್ಮಿಗೆ ಸುರಿದು, ಖಾಲಿ ಕೊಡಗಳನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

"ಇನ್ನೂ ಐದು ಸಲ ಇದೆ" ಎಂದಳು.